ಅರಿಯುವ ಯಂತ್ರಗಳ ಹೊಂದಾಣಿಕೆ

ಬೇಸಾಯಗಾರನು ಬೆಳಗಾಗುತ್ತಲೇ ಹೊಲಕ್ಕೆ ಹೋಗಿ ಎಲ್ಲಕ್ಕಿಂತ ಮೊದಲು ಸುತ್ತಲೂ ನೋಡುತ್ತಾನೆ. ಮೋಡದ ಬಣ್ಣವನ್ನು ನೋಡುತ್ತಾನೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂಬುದನ್ನು ಗಮನಿಸುತ್ತಾನೆ. ಹಿಡಿ ಮಣ್ಣನ್ನು ಕೈಗೆತ್ತಿಕೊಂಡು ಹಿಚುಕಿ ಅದರ ಹಸಿಯನ್ನು ತಿಳಿಯುತ್ತಾನೆ. ಎಲೆಗಳು ಬಾಡಿವೆಯೇ ಎಂದು ಪರೀಕ್ಷಿಸುತ್ತಾನೆ. ಕಳೆದ ಸಲ ನೀರು ಹಾಯಿಸಿ ಎಷ್ಟು ದಿನವಾಯಿತೆಂಬುದು ಅವನ ನೆನಪಿನಲ್ಲಿರುತ್ತದೆ. ಇವೆಲ್ಲವನ್ನೂ ಕೂಡಿಸಿ ಅವನು ಇಂದು ಹೊಲಕ್ಕೆ ನೀರು ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುತ್ತಾನೆ. ಹೀಗೆ ಒಂದು ನಿರ್ಧಾರಕ್ಕೆ ಆಧಾರವಾಗುವ ಸುತ್ತಲಿನ ಸಂಗತಿಗಳ ಸಮೂಹಕ್ಕೆ ಸಂದರ್ಭವೆಂದು ಹೆಸರು. ಕಣ್ಣು, ಕೈ, ನೆನಪು, ಬುದ್ಧಿ ಎಲ್ಲವೂ ಒಬ್ಬ ಮನುಷ್ಯನಲ್ಲಿಯೇ ಸೇರಿರುವುದರಿಂದ ಸಂದರ್ಭವನ್ನು ಅರಿಯುವುದು ಅವನಿಗೆ ಕಷ್ಟವೆನಿಸುವುದಿಲ್ಲ. ಇದೇ ಕೆಲಸವನ್ನು ಬೇರೆ ಬೇರೆ ಸ್ಥಳಗಳಲ್ಲಿರುವ, ಬೇರೆ ಬೇರೆ ಇಲಾಖೆಗಳು ನಿರ್ಮಿಸಿದ ಯಂತ್ರಗಳಿಂದ ಮಾಡಿಸುವುದು ಸಾಧ್ಯವೇ? ಸಾಧ್ಯವಾಗಬೇಕಾದರೆ ಆ ಯಂತ್ರಗಳ ನಡುವೆ ಎಂತಹ ಹೊಂದಾಣಿಕೆ ಬೇಕು? ವಿಜಯಪುರ ಜಿಲ್ಲೆಯ ನೀರಾವರಿಯನ್ನು ಉದಾಹರಣೆಯಾಗಿಟ್ಟುಕೊಂಡರೆ ಈ ಪ್ರಶ್ನೆಯ ಮಹತ್ವ ಸ್ಪಷ್ಟವಾಗುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ಈ ಜಿಲ್ಲೆಯ ಹಳೆಯ ತಾಲ್ಲೂಕುಗಳು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ಹರಿಯುವ ಈ ಸೀಮೆಯಲ್ಲಿ ಎರೆಭೂಮಿ ವಿಸ್ತಾರವಾಗಿದೆ. ಬಿಳಿಜೋಳ, ತೊಗರಿ, ಕಡಲೆ ಇಲ್ಲಿಯ ಹೆಸರಾದ ಬೆಳೆಗಳು. ಇಂಡಿಯ ಲಿಂಬೆ ನಾಡಿನ ಮಾರುಕಟ್ಟೆಗಳಲ್ಲೆಲ್ಲ ಪ್ರಸಿದ್ಧವಾಗಿದೆ. ಆದರೆ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರ್ ಮಾತ್ರ. ಅದೂ ಒಂದು ಊರಿನಲ್ಲಿ ಸುರಿದರೆ ಪಕ್ಕದ ಊರಿನಲ್ಲಿ ಹನಿಯುವುದಿಲ್ಲ. ಆದುದರಿಂದ ಇಲ್ಲಿಯ ಜನರು ಬಹುಕಾಲದಿಂದ ಕೃಷ್ಣೆಯ ನೀರಿನ ಕಡೆಗೆ ಆಸೆಯಿಂದ ನೋಡುತ್ತ ಬಂದರು. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಆಲಮಟ್ಟಿಯ ಕೆಳಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟಿನ ಜಲಾಶಯಕ್ಕೆ ಬಸವಸಾಗರವೆಂದು ಹೆಸರಾಯಿತು. ಬಸವನ ಬಾಗೇವಾಡಿಯ ಕಡೆಯ ಎತ್ತರದ ನೆಲಕ್ಕೆ ಮುಳವಾಡ ಏತ ನೀರಾವರಿಯು ನೀರನ್ನು ಮೇಲೆತ್ತಿ ಕೊಡುತ್ತದೆ. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆಯು ಸಿಂದಗಿ, ಇಂಡಿ ತಾಲ್ಲೂಕುಗಳತ್ತ ನೂರೈವತ್ತು ಕಿಲೋಮೀಟರಿಗೂ ಮಿಕ್ಕಿ ಸಾಗುತ್ತದೆ.

ಇಷ್ಟು ಉದ್ದದ ಕಾಲುವೆಯಲ್ಲಿ ನೀರನ್ನು ಹಂಚುವುದು ಸುಲಭದ ಮಾತಲ್ಲ. ಶಾಖಾ ಕಾಲುವೆಯಿಂದ ವಿತರಣಾ ಕಾಲುವೆಗಳು, ಅವುಗಳಿಂದ ಸಣ್ಣ ಕಾಲುವೆಗಳು, ಕೊನೆಗೆ ಹೊಲಗಾಲುವೆಗಳು ಕವಲೊಡೆಯುತ್ತವೆ. ಪ್ರತಿಯೊಂದು ಕವಲಿನಲ್ಲಿಯೂ ಒಂದು ಗೇಟು ಇರುತ್ತದೆ. ಕಾಲುವೆಯ ತಲೆಭಾಗದಲ್ಲಿರುವವರಿಗೆ ನೀರು ಮೊದಲು ದೊರೆಯುತ್ತದೆ. ಅವರು ಅಗತ್ಯಕ್ಕಿಂತ ಹೆಚ್ಚು ಹಾಯಿಸಿಕೊಂಡರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಎರೆಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುವ ಮಣ್ಣಾದ್ದರಿಂದ ನೀರು ಮಿತಿ ಮೀರಿದ ಹೊಲವೂ ಕೆಡುತ್ತದೆ. ನೀರು ನಿಂತು ಜವಳಾಗುತ್ತದೆ, ಉಪ್ಪು ಮೇಲಕ್ಕೇರಿ ಸವಳಾಗುತ್ತದೆ. ಹೀಗೆ ಒಂದೇ ಕಾಲುವೆಯ ಮೇಲುಭಾಗದಲ್ಲಿ ನೀರು ಹೆಚ್ಚಾಗಿ ನೆಲ ಹಾಳಾದರೆ, ಕೆಳಭಾಗದಲ್ಲಿ ನೀರಿಲ್ಲದೆ ಬೆಳೆ ಹಾಳಾಗುತ್ತದೆ. ಈ ಕೇಡನ್ನು ತಪ್ಪಿಸಲು ಪ್ರತಿಯೊಂದು ಗೇಟಿಗೂ ತಾನು ಯಾವಾಗ, ಎಷ್ಟು ತೆರೆಯಬೇಕೆಂಬ ತಿಳಿವಳಿಕೆ ಇದ್ದರೆ ಒಳ್ಳೆಯದಲ್ಲವೇ?

ಸುತ್ತಲಿನ ವಸ್ತುಗಳಿಗೆ ಇಂತಹ ತಿಳಿವಳಿಕೆಯನ್ನು ಕೊಡಬಹುದೆಂಬ ವಿಚಾರವು ವಿಜ್ಞಾನಿಗಳಲ್ಲಿ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಮೂಡಿತು. ಅಮೆರಿಕದ ಪಾಲೊ ಆಲ್ಟೊ ನಗರದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನ ಕೇಂದ್ರದಲ್ಲಿದ್ದ ಮಾರ್ಕ್ ವೈಸರ್ ಎಂಬ ವಿಜ್ಞಾನಿ ೧೯೮೮ರ ಸುಮಾರಿಗೆ ಇದನ್ನು ಮುಂದಿಟ್ಟರು. ಕಂಪ್ಯೂಟರು ಮೇಜಿನ ಮೇಲಿನ ಒಂದು ಪೆಟ್ಟಿಗೆಯಾಗಿ ಉಳಿಯದೆ, ಗೋಡೆ, ಬಾಗಿಲು, ದೀಪ, ಉಡುಪುಗಳಲ್ಲೆಲ್ಲ ಸೇರಿ ಕಣ್ಣಿಗೆ ಕಾಣದಂತೆ ಕೆಲಸ ಮಾಡಬೇಕೆಂಬುದು ಅವರ ಕಲ್ಪನೆ. ಇದಕ್ಕೆ ಸರ್ವವ್ಯಾಪಿ ಗಣನೆಯೆಂದು ಹೇಳಬಹುದು. ೧೯೯೧ರಲ್ಲಿ ಅವರು ಬರೆದ ಲೇಖನವೊಂದು ಜಗತ್ತಿನ ಗಮನವನ್ನು ಸೆಳೆಯಿತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಕಚೇರಿಯ ನೌಕರರು ಎದೆಯ ಮೇಲೆ ಒಂದು ಸಣ್ಣ ಬಿಲ್ಲೆಯನ್ನು ಧರಿಸುತ್ತಿದ್ದರು. ಆ ಬಿಲ್ಲೆಯು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ತಾನಿರುವ ಕೋಣೆಯನ್ನು ತಿಳಿಸುತ್ತಿತ್ತು. ನೌಕರನಿಗೆ ಬಂದ ದೂರವಾಣಿ ಕರೆಯನ್ನು ಅವನಿರುವ ಕೋಣೆಗೇ ಕಳುಹಿಸಲು ಇದರಿಂದ ಸಾಧ್ಯವಾಯಿತು. ಹೀಗೆ ತಾನಿರುವ ಸಂದರ್ಭವನ್ನು ತಿಳಿದುಕೊಂಡು ಅದಕ್ಕೆ ತಕ್ಕಂತೆ ನಡೆಯುವ ವ್ಯವಸ್ಥೆಗೆ ೧೯೯೪ರ ಹೊತ್ತಿಗೆ ಸಂದರ್ಭವನ್ನರಿತ ಗಣನೆ ಎಂಬ ಹೆಸರು ಬಂದಿತು.

ಅಂದು ಪ್ರಯೋಗಶಾಲೆಯಲ್ಲಿದ್ದ ಈ ವಿಚಾರವು ಇಂದು ಹೊಲದ ಬದುವಿನವರೆಗೆ ಬಂದಿದೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ಕೃಷ್ಣಾ ಭಾಗ್ಯ ಜಲ ನಿಗಮವು ನವೀಕರಿಸಿ, ಅದರ ಗೇಟುಗಳನ್ನು ದೂರದಿಂದಲೇ ನಡೆಸುವ ವ್ಯವಸ್ಥೆಯನ್ನು ಅಳವಡಿಸಿದೆ. ೨೦೨೩ರ ಜನವರಿ ೧೯ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಮಂತ್ರಿಗಳು ಈ ಆಧುನೀಕರಣ ಯೋಜನೆಯನ್ನು ಉದ್ಘಾಟಿಸಿದರು. ಹತ್ತು ಸಾವಿರ ಕ್ಯೂಸೆಕ್ ನೀರನ್ನು ಹರಿಸಬಲ್ಲ ಈ ಕಾಲುವೆಯ ಅಚ್ಚುಕಟ್ಟು ಪ್ರದೇಶ ನಾಲ್ಕೂವರೆ ಲಕ್ಷ ಹೆಕ್ಟೇರು. ಗೇಟಿನ ಬಳಿಯಲ್ಲಿರುವ ಸಂವೇದಕವು ನೀರಿನ ಮಟ್ಟವನ್ನೂ ಹರಿವನ್ನೂ ಅಳೆದು ರೇಡಿಯೋ ಮೂಲಕ ತಿಳಿಸುತ್ತದೆ. ಬಿಸಿಲಿನಿಂದ ಪಡೆದ ವಿದ್ಯುತ್ತಿನಿಂದ ಗೇಟು ಏರಿಳಿಯುತ್ತದೆ.

ಕಾಲುವೆಗೆ ಸಂಬಂಧಿಸಿದ ವ್ಯವಸ್ಥೆ ಇದಾದರೆ, ಮಳೆಗೆ ಸಂಬಂಧಿಸಿದುದು ಇನ್ನೊಂದು. ೧೯೮೮ರಲ್ಲಿ ಬರಗಾಲದ ನಿಗಾ ಘಟಕವಾಗಿ ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾದ ಸಂಸ್ಥೆಯು ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟಿದೆ. ಅವು ತಾವಾಗಿಯೇ ಮಳೆಯನ್ನು ಅಳೆದು ಹದಿನೈದು ನಿಮಿಷಗಳಿಗೊಮ್ಮೆ ಬೆಂಗಳೂರಿಗೆ ವರದಿ ಕಳುಹಿಸುತ್ತವೆ. ಯಾವ ಹೊಲ ಯಾರದು, ಅದರ ವಿಸ್ತೀರ್ಣವೆಷ್ಟು ಎಂಬುದು ಭೂಮಿ ಎಂಬ ಕಂಪ್ಯೂಟರ್ ಯೋಜನೆಯಲ್ಲಿದೆ. ೨೦೦೦ದ ಸುಮಾರಿಗೆ ಆರಂಭವಾದ ಈ ಯೋಜನೆಯು ಸುಮಾರು ಎರಡು ಕೋಟಿ ಪಹಣಿಗಳನ್ನು ಕಾಗದದಿಂದ ಕಂಪ್ಯೂಟರಿಗೆ ತಂದಿತು. ಬೆಳೆ ಸಮೀಕ್ಷೆಯು ಯಾವ ಹೊಲದಲ್ಲಿ ಯಾವ ಬೆಳೆಯಿದೆ ಎಂಬುದನ್ನು ಹಂಗಾಮಿಗೊಮ್ಮೆ ದಾಖಲಿಸುತ್ತದೆ. ಉಪಗ್ರಹಗಳು ಆಕಾಶದಿಂದ ಹಸಿರಿನ ಚಿತ್ರವನ್ನು ತೆಗೆಯುತ್ತವೆ. ಮಣ್ಣಿನ ತೇವವನ್ನು ಅಳೆಯುವ ಸಂವೇದಕಗಳೂ ಈಗ ದೊರೆಯುತ್ತವೆ. ಇವೆಲ್ಲವೂ ಒಂದೊಂದು ಉದ್ದೇಶಕ್ಕಾಗಿ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರಿಂದ ನಿರ್ಮಾಣವಾದ ವ್ಯವಸ್ಥೆಗಳು.

ಇಂತಹ ಪ್ರತಿಯೊಂದು ವ್ಯವಸ್ಥೆಯ ಒಳಗೂ ಒಂದು ನಡುವಣ ತಂತ್ರಾಂಶವಿರುತ್ತದೆ. ಇದನ್ನು ಮಿಡಲ್‌ವೇರ್ ಎನ್ನುತ್ತಾರೆ. ೧೯೬೮ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ತಜ್ಞರ ಸಮ್ಮೇಳನದ ವರದಿಯಲ್ಲಿಯೇ ಈ ಪದ ಕಾಣಿಸುತ್ತದೆ. ಇದರ ಕೆಲಸವನ್ನು ಅಂಚೆಕಚೇರಿಯ ಕೆಲಸಕ್ಕೆ ಹೋಲಿಸಬಹುದು. ಕಾಗದ ಬರೆಯುವವನಿಗೆ ಅದು ಯಾವ ರೈಲಿನಲ್ಲಿ ಹೋಗುತ್ತದೆ, ಯಾವ ಅಂಚೆಯವನು ತಲುಪಿಸುತ್ತಾನೆ ಎಂಬುದು ತಿಳಿದಿರಬೇಕಾಗಿಲ್ಲ. ವಿಳಾಸ ಬರೆದು ಡಬ್ಬಿಗೆ ಹಾಕಿದರೆ ಸಾಕು. ಅದೇ ರೀತಿ ಸಂವೇದಕವು ತಾನು ಅಳೆದುದನ್ನು ನಡುವಣ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ತಂತ್ರಾಂಶವು ಅದನ್ನು ಸ್ವೀಕರಿಸಿ, ತಪ್ಪುಗಳನ್ನು ಸೋಸಿ, ಬೇಕಾದವರಿಗೆ ಮುಟ್ಟಿಸುತ್ತದೆ. ಸಂದರ್ಭವನ್ನರಿತ ತಂತ್ರಾಂಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನೀರಿನ ಮಟ್ಟ ಇಷ್ಟಿದೆ ಎಂಬ ಅಂಕಿಯಿಂದ ಕಾಲುವೆ ತುಂಬಿ ಹರಿಯುತ್ತಿದೆ ಎಂಬ ಅರ್ಥವನ್ನು ಹೊರಡಿಸಿ, ಮಾಡಬೇಕಾದ ಕೆಲಸವನ್ನು ಸೂಚಿಸುತ್ತದೆ.

ಒಂದು ವ್ಯವಸ್ಥೆಯ ಒಳಗೆ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಎರಡು ವ್ಯವಸ್ಥೆಗಳು ಕೂಡಬೇಕಾದಾಗ ತೊಡಕು ಹುಟ್ಟುತ್ತದೆ. ಒಂದು ವಿತರಣಾ ಕಾಲುವೆಯ ತಲೆಭಾಗದಲ್ಲಿ ಸಾವಿರ ಎಕರೆ ಹೊಲವಿದೆ, ತುದಿಯಲ್ಲಿ ಒಬ್ಬ ಸಣ್ಣ ಹಿಡುವಳಿದಾರನ ತೊಗರಿಯ ಹೊಲವಿದೆ ಎಂದು ಭಾವಿಸಬಹುದು. ರಾತ್ರಿ ತಲೆಭಾಗದಲ್ಲಿ ೨೫ ಮಿಲಿಮೀಟರ್ ಮಳೆ ಸುರಿಯಿತು. ತುದಿಯಲ್ಲಿ ಹನಿಯೂ ಬೀಳಲಿಲ್ಲ. ಮಳೆಮಾಪಕಕ್ಕೆ ಈ ಸಂಗತಿ ಗೊತ್ತು. ಆದರೆ ಗೇಟಿಗೆ ಅದು ಗೊತ್ತಿಲ್ಲ. ಬೆಳಗ್ಗೆ ಗೊತ್ತುಪಡಿಸಿದ ಹೊತ್ತಿಗೆ ಗೇಟು ತೆರೆದು, ಆಗಲೇ ನೆನೆದ ಹೊಲಗಳಿಗೆ ಮತ್ತೆ ನೀರು ಹರಿಯುತ್ತದೆ. ತುದಿಯ ಹೊಲಕ್ಕೆ ನೀರು ಮುಟ್ಟುವ ಮೊದಲೇ ಸರದಿ ಮುಗಿಯುತ್ತದೆ. ಹೂಬಿಟ್ಟು ನಿಂತ ತೊಗರಿಗೆ ಆ ಒಂದು ನೀರು ತಪ್ಪಿದರೆ ಇಳುವರಿ ಕುಸಿಯುತ್ತದೆ; ಆ ಕುಟುಂಬದ ವರ್ಷದ ಲೆಕ್ಕವೇ ಏರುಪೇರಾಗುತ್ತದೆ. ಮಳೆಮಾಪಕವೂ ಗೇಟೂ ತಮ್ಮ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿವೆ. ಆದರೂ ಹಾನಿ ತಪ್ಪಲಿಲ್ಲ, ಏಕೆಂದರೆ ಒಂದಕ್ಕೆ ತಿಳಿದುದು ಇನ್ನೊಂದಕ್ಕೆ ತಿಳಿಯಲಿಲ್ಲ.

ಹಾಗಾದರೆ ಎರಡನ್ನೂ ಒಂದು ತಂತಿಯಿಂದ ಜೋಡಿಸಿದರೆ ಸಾಲದೇ? ಸಾಲದು. ಮೊದಲನೆಯದಾಗಿ, ಅವುಗಳ ಅಳತೆಗಳು ಬೇರೆ ಬೇರೆ. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಕಾಲುವೆಯ ಹರಿವನ್ನು ಕ್ಯೂಸೆಕ್ಕಿನಲ್ಲಿ, ಜಲಾಶಯದ ಸಂಗ್ರಹವನ್ನು ಟಿ.ಎಂ.ಸಿ. ಅಡಿಯಲ್ಲಿ, ಹೊಲವನ್ನು ಎಕರೆ ಗುಂಟೆಗಳಲ್ಲಿ, ಅಚ್ಚುಕಟ್ಟನ್ನು ಹೆಕ್ಟೇರಿನಲ್ಲಿ ಹೇಳುತ್ತಾರೆ. ಒಂದು ಎಕರೆಯ ಮೇಲೆ ೨೫ ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು ೨೮.೩ ಲೀಟರ್; ಅದು ಒಂದು ಗಂಟೆ ಹರಿದರೆ ಅದೂ ಸುಮಾರು ಒಂದು ಲಕ್ಷ ಲೀಟರೇ. ಸಾವಿರ ಎಕರೆಯ ಮೇಲೆ ಬಿದ್ದ ಆ ರಾತ್ರಿಯ ಮಳೆಯು ೪೨ ಕ್ಯೂಸೆಕ್ ನೀರು ಇಡೀ ದಿನ ಹರಿದುದಕ್ಕೆ ಸಮ. ಬೇರೆ ಬೇರೆ ಭಾಷೆಯಲ್ಲಿ ಹೇಳಿದ ಈ ಎರಡು ಸಂಗತಿಗಳು ಒಂದೇ ಎಂದು ತಿಳಿಯಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಅಳತೆಯ ಗೊಂದಲ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ೧೯೯೯ರಲ್ಲಿ ಮಂಗಳ ಗ್ರಹದ ಬಳಿ ನಾಶವಾದ ಅಮೆರಿಕದ ವ್ಯೋಮನೌಕೆ ಸಾಕ್ಷಿ. ಒಂದು ತಂತ್ರಾಂಶವು ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಲೆಕ್ಕದಲ್ಲಿ ಓದಿಕೊಂಡುದೇ ಆ ನಷ್ಟಕ್ಕೆ ಕಾರಣವಾಯಿತು.

ಎರಡನೆಯ ತೊಡಕು ಹೆಸರುಗಳದು. ಅದೇ ತೊಗರಿಯ ಹೊಲವನ್ನು ಭೂದಾಖಲೆಯು ಸರ್ವೆ ನಂಬರಿನಿಂದ ಗುರುತಿಸುತ್ತದೆ. ಕಾಲುವೆಯ ವ್ಯವಸ್ಥೆಯು ಇಷ್ಟನೆಯ ವಿತರಣಾ ಕಾಲುವೆಯ ಇಷ್ಟನೆಯ ಕಿಲೋಮೀಟರು ಎನ್ನುತ್ತದೆ. ಮಳೆಮಾಪಕಕ್ಕೆ ಅದು ಒಂದು ಗ್ರಾಮ ಪಂಚಾಯಿತಿಯ ಭಾಗ. ಉಪಗ್ರಹಕ್ಕೆ ಅಕ್ಷಾಂಶ ರೇಖಾಂಶಗಳ ಒಂದು ಬಿಂದು. ಊರುಗಳ ಹೆಸರುಗಳೂ ಬದಲಾಗುತ್ತವೆ. ೨೦೧೪ರ ನವೆಂಬರ್ ೧ರಂದು ಬಿಜಾಪುರವು ವಿಜಯಪುರವಾಯಿತು. ಛತ್ತೀಸಗಢದಲ್ಲಿ ಬಿಜಾಪುರವೆಂಬ ಇನ್ನೊಂದು ಜಿಲ್ಲೆಯೇ ಇದೆ. ಹಳೆಯ ದಾಖಲೆಯಲ್ಲಿ ಆಲಮಟ್ಟಿಯು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದರೆ, ಹೊಸ ದಾಖಲೆಯಲ್ಲಿ ನಿಡಗುಂದಿ ತಾಲ್ಲೂಕಿನಲ್ಲಿದೆ. ಮನುಷ್ಯನು ಇದನ್ನು ಸುಲಭವಾಗಿ ಹೊಂದಿಸಿಕೊಳ್ಳುತ್ತಾನೆ. ಯಂತ್ರಕ್ಕಾದರೋ ಒಂದೊಂದನ್ನೂ ಬಿಡಿಸಿ ಹೇಳಬೇಕಾಗುತ್ತದೆ.

ಮೂರನೆಯದು ಕಾಲದ ತೊಡಕು. ಮಳೆಯ ಸುದ್ದಿ ಹದಿನೈದು ನಿಮಿಷಕ್ಕೊಮ್ಮೆ ಬರುತ್ತದೆ. ಉಪಗ್ರಹದ ಚಿತ್ರ ಕೆಲವು ದಿನಗಳಿಗೊಮ್ಮೆ, ಅದೂ ಮೋಡ ಕವಿಯದಿದ್ದರೆ. ಬೆಳೆಯ ವಿವರ ಹಂಗಾಮಿಗೊಮ್ಮೆ ಮಾತ್ರ. ಕಾಲುವೆಯ ನೀರು ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಹರಿದರೂ ಇನ್ನೂರು ಕಿಲೋಮೀಟರ್ ದೂರ ಮುಟ್ಟಲು ಎರಡು ಮೂರು ದಿನ ಬೇಕು. ಈಗ ಬಿಟ್ಟ ನೀರು ತುದಿಗೆ ಮುಟ್ಟುವ ಹೊತ್ತಿಗೆ ಅಲ್ಲಿಯ ಸಂದರ್ಭ ಹೇಗಿರುತ್ತದೆ ಎಂಬುದನ್ನೂ ಊಹಿಸಬೇಕಾಗುತ್ತದೆ.

ನಾಲ್ಕನೆಯದು ನಂಬಿಕೆಗೆ ಸಂಬಂಧಿಸಿದ ತೊಡಕು. ಸಂವೇದಕಕ್ಕೆ ಹೂಳು ಮೆತ್ತಬಹುದು. ಸಿಡಿಲಿಗೆ ಉಪಕರಣ ಸುಡಬಹುದು. ಮಳೆಮಾಪಕದಿಂದ ವರದಿ ಬಾರದಿದ್ದರೆ ಮಳೆ ಬರಲಿಲ್ಲವೆಂದು ಅರ್ಥವಲ್ಲ, ಮಳೆಮಾಪಕವೇ ಕೆಟ್ಟಿರಬಹುದು. ವರದಿಯಿಲ್ಲ ಎಂಬುದನ್ನು ಸೊನ್ನೆ ಎಂದು ಓದಿಕೊಳ್ಳುವ ತಂತ್ರಾಂಶವು ತಪ್ಪು ನಿರ್ಧಾರವನ್ನೇ ಕೈಗೊಳ್ಳುತ್ತದೆ. ಬಿದ್ದ ಮಳೆಯೆಲ್ಲ ನೆಲಕ್ಕೆ ಇಂಗುವುದೂ ಇಲ್ಲ. ಕೆಲವು ಭಾಗ ಹಳ್ಳಕ್ಕೆ ಹರಿದುಹೋಗುತ್ತದೆ. ಆದುದರಿಂದ ಮಳೆಮಾಪಕದ ಮಾತನ್ನು ಮಣ್ಣಿನ ಸಂವೇದಕದ ಮಾತಿನೊಡನೆ ಹೋಲಿಸಿ ನೋಡುವುದು ಅಗತ್ಯ.

ಈ ತೊಡಕುಗಳ ನಡುವೆಯೂ ವ್ಯವಸ್ಥೆಗಳನ್ನು ಕೂಡಿಸುವ ದಾರಿಗಳು ಎರಡು. ಅವುಗಳ ಅಂತರವನ್ನು ಈ ಸೀಮೆಯ ರೈಲುಮಾರ್ಗದ ಕಥೆಯಿಂದಲೇ ತಿಳಿಯಬಹುದು. ಸೊಲ್ಲಾಪುರದ ಬಳಿಯ ಹೋಟಗಿಯಿಂದ ಇಂಡಿ ರಸ್ತೆ, ವಿಜಯಪುರ, ಬಸವನ ಬಾಗೇವಾಡಿ ರಸ್ತೆ, ಆಲಮಟ್ಟಿಗಳ ಮೂಲಕ ಗದಗಿಗೆ ಹೋಗುವ ಮಾರ್ಗವು ನೂರು ವರ್ಷಗಳಿಗೂ ಹೆಚ್ಚು ಕಾಲ ಮೀಟರ್‌ಗೇಜ್ ಆಗಿತ್ತು. ಸೊಲ್ಲಾಪುರದಿಂದ ಮುಂಬಯಿಗೆ ಹೋಗುವ ಮಾರ್ಗ ಬ್ರಾಡ್‌ಗೇಜ್. ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡಲಾರದು. ಜನರು ಗಂಟುಮೂಟೆಗಳೊಡನೆ ಇಳಿದು ಗಾಡಿ ಬದಲಾಯಿಸಬೇಕಾಗಿತ್ತು. ಸರಕನ್ನು ಇಳಿಸಿ ಮತ್ತೆ ಹೇರಬೇಕಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಈ ಮಾರ್ಗವೂ ಬ್ರಾಡ್‌ಗೇಜ್ ಆದ ಮೇಲೆ ಆ ಕಷ್ಟ ತಪ್ಪಿತು.

ಎರಡು ವ್ಯವಸ್ಥೆಗಳ ನಡುವೆ ಒಂದು ದುಭಾಷಿ ತಂತ್ರಾಂಶವನ್ನಿಡುವುದು ಗಾಡಿ ಬದಲಾಯಿಸಿದಂತೆ. ವ್ಯವಸ್ಥೆಗಳು ಎರಡೇ ಇದ್ದರೆ ಇದು ಸಾಕು. ಆದರೆ ಮಳೆ, ಕಾಲುವೆ, ಮಣ್ಣು, ಬೆಳೆ, ಉಪಗ್ರಹ, ಭೂದಾಖಲೆ ಎಂದು ಆರು ವ್ಯವಸ್ಥೆಗಳಿದ್ದರೆ ಪ್ರತಿಯೊಂದು ಜೋಡಿಗೂ ಒಂದರಂತೆ ಹದಿನೈದು ದುಭಾಷಿಗಳು ಬೇಕು. ಏಳನೆಯದು ಸೇರಿದರೆ ಮತ್ತೆ ಆರು ಬೇಕು. ಎಲ್ಲರೂ ಒಂದು ಸಮಾನ ರೂಪವನ್ನು ಒಪ್ಪಿಕೊಳ್ಳುವುದು ಎರಡನೆಯ ದಾರಿ. ಇದು ಹಳಿಯ ಅಗಲವನ್ನು ಒಂದೇ ಮಾಡಿದಂತೆ. ಆಗ ಆರು ವ್ಯವಸ್ಥೆಗಳಿಗೆ ಆರು ಪರಿವರ್ತನೆಗಳು ಸಾಕು. ಏಳನೆಯದಕ್ಕೆ ಇನ್ನೊಂದು ಮಾತ್ರ. ಇಂತಹ ಮಾನಕಗಳು ಜಗತ್ತಿನಲ್ಲಿ ರೂಪುಗೊಂಡಿವೆ. ದೂರದ ತೈಲ ಕೊಳವೆಗಳ ಮೇಲೆ ನಿಗಾ ಇಡಲು ೧೯೯೯ರಲ್ಲಿ ರಚಿತವಾದ ಎಂ.ಕ್ಯೂ.ಟಿ.ಟಿ. ಎಂಬ ಸಂದೇಶ ಪದ್ಧತಿಯು ಇಂದು ಸಂವೇದಕಗಳ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಸಂವೇದಕದ ಹೆಸರು, ಸ್ಥಳ, ಅಳತೆ, ಕಾಲಗಳನ್ನು ಹೇಗೆ ಬರೆಯಬೇಕೆಂಬ ಅಂತರರಾಷ್ಟ್ರೀಯ ನಿಯಮಗಳೂ ಇವೆ. ಭಾರತದ ನಗರಗಳ ಬೇರೆ ಬೇರೆ ವ್ಯವಸ್ಥೆಗಳ ಮಾಹಿತಿಯನ್ನು ಹೀಗೆ ಕೂಡಿಸುವ ವೇದಿಕೆಯೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ೨೦೨೧ರಲ್ಲಿ ಆರಂಭಿಸಲಾಯಿತು. ೨೦೨೩ರಲ್ಲಿ ಬೇಸಾಯದ ಮಾಹಿತಿಗಾಗಿ ಅಂತಹದೇ ಒಂದು ವೇದಿಕೆ ಹೈದರಾಬಾದಿನಲ್ಲಿ ಆರಂಭವಾಯಿತು.

ಸಮಾನ ರೂಪವೆಂದರೆ ಎಲ್ಲವನ್ನೂ ಒಂದೇ ಕಚೇರಿಯ ಕೈಗೆ ಒಪ್ಪಿಸುವುದಲ್ಲ. ಮಳೆಮಾಪಕವು ಮಳೆಯ ಸುದ್ದಿಯನ್ನು ಹೇಳಬಹುದು. ಗೇಟನ್ನು ಮುಚ್ಚೆಂದು ಆಜ್ಞಾಪಿಸುವ ಅಧಿಕಾರ ಅದಕ್ಕಿರಬಾರದು. ಯಾರು ತಿಳಿಸಬಹುದು, ಯಾರು ತಿಳಿಯಬಹುದು, ಯಾರು ನಿರ್ಧರಿಸಬಹುದು ಎಂಬ ಗೆರೆಗಳನ್ನು ಮೊದಲೇ ಎಳೆದಿರಬೇಕು. ರೈತನ ಜಮೀನಿನ ವಿವರ ಕಂಡಕಂಡವರಿಗೆ ಸಿಗದಂತೆ ಕಾಪಾಡಬೇಕು. ಯಂತ್ರದ ಜಾಲ ಕಡಿದಾಗ ಗೇಟು ಅಪಾಯವಿಲ್ಲದ ಸ್ಥಿತಿಯಲ್ಲಿ ನಿಲ್ಲಬೇಕು. ಆಗ ಕೈಯಿಂದ ಅದನ್ನು ನಡೆಸಬಲ್ಲ ಅನುಭವಿ ನೌಕರನೂ ಇರಬೇಕು. ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಕುಳಿತ ರೈತರಿಗೆ ಇಂದು ಇಷ್ಟೇ ನೀರು ಬಂದುದಕ್ಕೆ ಕಾರಣವೇನೆಂಬುದು ತಿಳಿಯುವಂತಿರಬೇಕು. ಕಾರಣ ತಿಳಿಯದ ನಿರ್ಧಾರವನ್ನು, ಅದು ಸರಿಯಾಗಿದ್ದರೂ, ಜನರು ನಂಬುವುದಿಲ್ಲ; ಒಂದು ರಾತ್ರಿ ಯಾರೋ ಗೇಟನ್ನು ಮುರಿದರೆ ಎಷ್ಟು ಸೂಕ್ಷ್ಮವಾದ ಯಂತ್ರವಾದರೂ ಕೆಲಸಕ್ಕೆ ಬಾರದು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಂತ್ರಗಳ ಹೊಂದಾಣಿಕೆಯು ತಂತಿ, ರೇಡಿಯೋಗಳಿಂದ ಮಾತ್ರ ಆಗುವಂತಹುದಲ್ಲ. ಅಳತೆಗೆ, ಹೆಸರಿಗೆ, ಕಾಲಕ್ಕೆ, ಅಧಿಕಾರಕ್ಕೆ ಸಂಬಂಧಿಸಿದಂತೆ ಅವುಗಳನ್ನು ನಿರ್ಮಿಸಿದ ಇಲಾಖೆಗಳೂ ಅವುಗಳಿಂದ ಪ್ರಯೋಜನ ಪಡೆಯುವ ಜನರೂ ಮೊದಲು ಒಮ್ಮತಕ್ಕೆ ಬರಬೇಕು. ಆ ಒಮ್ಮತವನ್ನೇ ತಂತ್ರಾಂಶವು ಯಂತ್ರಗಳಿಗೆ ಅರ್ಥವಾಗುವ ರೂಪದಲ್ಲಿ ಬರೆದಿಡುತ್ತದೆ. ಅದು ಸರಿಯಾಗಿದೆಯೇ ಎಂಬುದನ್ನು ಪರೀಕ್ಷಿಸಲು ನಿಯಂತ್ರಣ ಕೊಠಡಿಯ ಪರದೆಯನ್ನು ನೋಡಿದರೆ ಸಾಲದು; ಕಾಲುವೆಯ ಜೊತೆಯಲ್ಲಿಯೇ ನಡೆದು ಹೋಗಿ, ಇಂಡಿಯ ಸೀಮೆಯಲ್ಲಿ ಅದರ ತುದಿಯಲ್ಲಿರುವ ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬೇಕು. ಆ ಮಣ್ಣು ತಕ್ಕ ಹೊತ್ತಿನಲ್ಲಿ ಹಸಿಯಾಗಿದ್ದರೆ ಹೊಂದಾಣಿಕೆ ಫಲಿಸಿದೆ ಎಂದು ತಿಳಿಯಬಹುದು.